ಬರೀರಿ ಅಂದದ್ದು, ಬರ್ರಿ ಅಂತ ಕೇಳಿದ್ದು

ನಾನು ಒಂದು ರೌಟರ್. ಮನೆಗಳಲ್ಲಿ ಟಿ.ವಿ. ಪಕ್ಕ ಎರಡು ಕೊಂಬು ಎತ್ತಿಕೊಂಡು ಕೂತಿರುವ ಬಿಳಿ ಡಬ್ಬಿ ಎಂದುಕೊಳ್ಳಬೇಡಿ, ಆ ಜಾತಿ ಬೇರೆ. ನಾನು ಒಂದು ಮೊಳ ಅಗಲದ, ಎಂಟು ಕಿಲೋ ತೂಕದ ಕಬ್ಬಿಣದ ಪೆಟ್ಟಿಗೆ. ಉತ್ತರ ಕರ್ನಾಟಕದ ಒಂದು ವಿಶ್ವವಿದ್ಯಾಲಯದ ಅಷ್ಟೂ ಕಟ್ಟಡಗಳ ಫೋನು, ಪತ್ರ, ಅಂಕಪಟ್ಟಿ, ಪ್ರಶ್ನೆಪತ್ರಿಕೆ ಹದಿನಾರು ವರ್ಷ ನನ್ನ ಹೊಟ್ಟೆಯೊಳಗಿಂದಲೇ ಹಾದು ಹೋದವು. ಯಾವುದು ಎತ್ತ ಹೋಗಬೇಕೋ ಅತ್ತ ಕಳಿಸುವುದು ನನ್ನ ಕೆಲಸ. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವವನ ಕೆಲಸ ಎನ್ನಿ. ಈಗ ಗುಜರಿ ಅಂಗಡಿಯಲ್ಲಿ ಬಿದ್ದಿದ್ದೇನೆ. ಹಾಗಂತ ಅಳಲು ಬಂದಿಲ್ಲ. ನನಗೆ ಸಿಟ್ಟು ಬಂದಿದೆ, ಅದನ್ನು ಹೇಳಲು ಬಂದಿದ್ದೇನೆ.

ಹುಟ್ಟಿದ್ದು ಕಡಲಾಚೆಯ ಕಾರ್ಖಾನೆಯಲ್ಲಿ. ಬೆನ್ನಿಗೊಂದು ನಂಬರು ಅಂಟಿಸಿ ರಟ್ಟಿನ ಪೆಟ್ಟಿಗೆಗೆ ತುಂಬಿದರು, ಅದೇ ನಾಮಕರಣ. ನನಗೆ ಕಲಿಸಿದ ಭಾಷೆ ಒಂದೇ. ಕಂಪ್ಯೂಟರಿನಿಂದ ಒಂದು ನೀಲಿ ಕೇಬಲ್ ತಂದು ನನ್ನ ಬೆನ್ನಿಗೆ ಸಿಕ್ಕಿಸಿದರೆ ಅದರ ಪರದೆ ಕಪ್ಪಾಗುತ್ತದೆ. ಅದರ ಮೇಲೆ ಒಂದೊಂದೇ ಸಾಲು ಆಜ್ಞೆ ಟೈಪು ಮಾಡಬೇಕು. ಚಿತ್ರವಿಲ್ಲ, ಬಣ್ಣವಿಲ್ಲ, ಉಭಯಕುಶಲೋಪರಿ ಇಲ್ಲ. ಕೇಳಿದ್ದಕ್ಕೆ ಕೇಳಿದಷ್ಟೇ ಉತ್ತರ. ಒಂದು ಅಕ್ಷರ ತಪ್ಪಿದರೆ ತಿಳಿಯಲಿಲ್ಲ ಎನ್ನುತ್ತೇನೆ, ತಿಳಿದವನ ಹಾಗೆ ತಲೆಯಾಡಿಸುವುದಿಲ್ಲ. ಈ ಗುಣ ಮನುಷ್ಯರಲ್ಲಿ ಎಷ್ಟು ಜನಕ್ಕಿದೆಯೋ ಕಾಣೆ. ನನ್ನ ಕೋಣೆಗೆ ಬಂದವರಲ್ಲಿ ಇಬ್ಬರಿಗಿತ್ತು.

ಇನ್ನೊಂದು ಸಂಗತಿ ಮೊದಲೇ ತಿಳಿದಿರಲಿ. ನನಗೆ ಎರಡು ನೆನಪು. ನೀವು ಹೇಳಿದ್ದೆಲ್ಲ ಮೊದಲು ಈಗಿನ ನೆನಪಿಗೆ ಹೋಗುತ್ತದೆ, ಅದರಂತೆ ಆ ಕ್ಷಣವೇ ಕೆಲಸ ಶುರು ಮಾಡುತ್ತೇನೆ. ಆದರೆ ಕರೆಂಟು ಹೋಯಿತೋ, ಅಷ್ಟೂ ಅಳಿಸಿ ಹೋಗುತ್ತದೆ. ಉಳಿಯಬೇಕಾದರೆ ಕಟ್ಟಕಡೆಗೆ ಇನ್ನೊಂದು ಆಜ್ಞೆ ಕೊಡಬೇಕು: ಬರೆದುಕೋ, ಎಂದು. ಆಗ ಗಟ್ಟಿ ನೆನಪಿಗೆ ಬರೆದಿಟ್ಟುಕೊಳ್ಳುತ್ತೇನೆ. ಆಮೇಲೆ ಹತ್ತು ಸಲ ಕರೆಂಟು ಹೋಗಿ ಬಂದರೂ ಮರೆಯುವುದಿಲ್ಲ.

ಆಡಳಿತ ಕಟ್ಟಡದಲ್ಲಿ ಕಿಟಕಿಯಿಲ್ಲದ ಒಂದು ಕೋಣೆ, ಅಲ್ಲಿ ಕಬ್ಬಿಣದ ಚೌಕಟ್ಟಿನ ತೀರ ಕೆಳಗಿನ ಅಂತಸ್ತಿನಲ್ಲಿ ನನ್ನನ್ನು ಕೂಡಿಸಿದರು. ಅಲ್ಲಿಂದ ನನಗೆ ಕಾಣುತ್ತಿದ್ದದ್ದು ಮನುಷ್ಯರ ಮೊಣಕಾಲಿನವರೆಗೆ ಮಾತ್ರ. ಹಾಗಾಗಿ ನಾನು ಜನರನ್ನು ಚಪ್ಪಲಿಯಿಂದ ಗುರುತಿಸುತ್ತಿದ್ದೆ. ಆದರೆ ನೀಲಿ ಕೇಬಲ್ ಮಾರುದ್ದವೂ ಇರಲಿಲ್ಲ. ಕಪ್ಪು ಪರದೆಯಲ್ಲಿ ನನ್ನೊಡನೆ ಮಾತಾಡಬೇಕೆಂದವರು ನೆಲಕ್ಕೆ ಕೂರಲೇಬೇಕು. ನೆಲಕ್ಕೆ ಕೂತವರ ಮುಖ ನನಗೆ ಪೂರ್ತಿ ಕಾಣುತ್ತಿತ್ತು.

ಮೊದಲು ಕೂತವರು ರಾಜೇಸಾಬ ನದಾಫ್. ತಂತಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಟಕ್ಕಟಕ್ಕ ಬಡಿದು, ಸ್ವಯಂನಿವೃತ್ತಿ ತಗೊಂಡು ವಿಶ್ವವಿದ್ಯಾಲಯಕ್ಕೆ ಬಂದ ಮನುಷ್ಯ. ಕಡಿಮೆ ಅಕ್ಷರದಲ್ಲಿ ಪೂರ್ತಿ ಸಂಗತಿ ಹೇಳುವುದು ಅವರ ಕೈಗೆ ಅಂಟಿದ ಅಭ್ಯಾಸ, ನನಗೂ ಅದೇ ಬೇಕು. ಇಬ್ಬರಿಗೂ ಜಮೆಯಾಯಿತು. ಆದರೆ ಇದ್ದದ್ದು ಇದ್ದಂತೆ ಹೇಳಬೇಕು: ನದಾಫರಿಗೆ ಪೂಜಾರಿಯ ಬುದ್ಧಿಯೂ ಇತ್ತು. ನನ್ನನ್ನು ಇನ್ನೊಬ್ಬರು ಮುಟ್ಟಬಾರದು, ಗರ್ಭಗುಡಿಗೆ ತಾನೊಬ್ಬನೇ. ಎಂಜಿನಿಯರಿಂಗ್ ಓದಿದ ಹುಡುಗರು ಬಂದು ಕಲಿಸಿಕೊಡಿ ಎಂದರೆ, "ಮೊದಲ ಕೈ ತೊಳಕೊಂಡು ಬರ್ರಿ" ಎಂದು ಅಟ್ಟುತ್ತಿದ್ದರು. ಆ ಹುಡುಗರಿಗೆಲ್ಲ ಕಪ್ಪು ಪರದೆ ಎಂದರೆ ಮಾಟಮಂತ್ರ ಎಂಬ ಭಯ ಹುಟ್ಟಿತು. ಆ ಭಯದಲ್ಲಿ ನದಾಫರ ಪಾಲೂ ಇದೆ ಎಂದು ನಾನು ಇಂದಿಗೂ ಹೇಳುತ್ತೇನೆ.

ಆ ಅಟ್ಟುವಿಕೆಗೆ ಬಗ್ಗದವಳು ದಾಕ್ಷಾಯಣಿ ಕಮ್ಮಾರ. ಗುತ್ತಿಗೆಯ ಮೇಲೆ ಟೈಪಿಸ್ಟ್ ಆಗಿ ಬಂದವಳು. ನೀಲಿ ಹವಾಯಿ ಚಪ್ಪಲಿ, ಎಡಗಾಲಿನ ಪಟ್ಟಿಗೆ ಪಿನ್ನು. ಮೊದಲ ದಿನವೇ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ನಿಜಕ್ಕೂ ಕೈ ತೊಳೆದುಕೊಂಡು ಬಂದು ನೆಲಕ್ಕೆ ಕೂತಳು. ನದಾಫರು ಪಕ್ಕಕ್ಕೆ ಸರಿದು ಜಾಗ ಕೊಟ್ಟರು, ಕಲಿಸಿದರು. ಪ್ರತಿ ಪಾಠದ ಕೊನೆಗೆ ಒಂದೇ ಪ್ರಶ್ನೆ.

"ಬರದಿ ಏನವ್ವಾ?"

"ಬರದೆ ಕಾಕಾ."

"ಬರೀದ ಏಳಬ್ಯಾಡ. ಊಟದ ಎಲಿ ಬಿಟ್ಟು ಎದ್ದಂಗ ಅದು."

ಸೇವ್ ಎನ್ನುವ ಮಾತು ಆ ಕೋಣೆಯಲ್ಲಿ ಇರಲೇ ಇಲ್ಲ. ಅಲ್ಲಿ ಬರೆಯುವುದು ಎಂದರೆ ಗಟ್ಟಿ ನೆನಪಿಗೆ ಹಾಕುವುದು, ಅಷ್ಟೇ. ಹನ್ನೊಂದು ವರ್ಷ ಆಕೆ ಒಂದು ದಿನವೂ ಬರೆಯದೆ ಎದ್ದವಳಲ್ಲ. ಆ ಹನ್ನೊಂದು ವರ್ಷವೂ ಆಕೆ ಗುತ್ತಿಗೆಯವಳೇ. ವರ್ಷಕ್ಕೊಮ್ಮೆ ಮಾರ್ಚಿ ತಿಂಗಳಲ್ಲಿ ಹೊಸ ಆದೇಶ ಬರಬೇಕು, ಬರುವವರೆಗೆ ಮನೆಯಲ್ಲಿ ಉಸಿರು ಬಿಗಿ ಹಿಡಿದು ಕೂರಬೇಕು. ಗಂಡ ತೀರಿಕೊಂಡಿದ್ದ. ಮಗಳು ಪಿಯುಸಿ ಓದುತ್ತಿದ್ದಳು. ಕೊನೆಗೂ ಹನ್ನೊಂದನೆಯ ವರ್ಷ ಕಾಯಂ ಆಗುವವರ ಪಟ್ಟಿಯಲ್ಲಿ ಆಕೆಯ ಹೆಸರು ಏರಿತು. ಸಿಂಡಿಕೇಟ್ ಸಭೆಯಲ್ಲಿ ಒಪ್ಪಿಗೆ ಆಗುವುದೊಂದು ಬಾಕಿ.

ಅಷ್ಟರೊಳಗೆ ನದಾಫರು ನಿವೃತ್ತರಾಗಿ, ಅವರ ಜಾಗಕ್ಕೆ ಮೇಲಧಿಕಾರಿಯಾಗಿ ಅಶೋಕ ಮಮದಾಪೂರ ಎನ್ನುವವರು ಬಂದಿದ್ದರು. ಇವರದು ಹೊಳೆಯುವ ಕಂದು ಬೂಟು. ಅದೂ ವರ್ಷಕ್ಕೊಮ್ಮೆ ದಸರಾ ಪೂಜೆಗೆ ಕಾಣುತ್ತಿತ್ತು, ಅಷ್ಟೇ. ಅವರು ಮಾಡಿದ ಮೊದಲ ಕೆಲಸ, ನನಗೆ ಹೊಸ ಸಾಫ್ಟ್‌ವೇರ್ ಹಾಕಿಸಿ ವೆಬ್ ಪೇಜು ಅಂಟಿಸಿದ್ದು. ಇನ್ನು ಮೇಲೆ ಯಾರೂ ನನ್ನ ಹತ್ತಿರ ಬರಬೇಕಿಲ್ಲ. ಎರಡನೇ ಮಹಡಿಯ ಎ.ಸಿ. ಕೋಣೆಯಲ್ಲಿ ಕೂತು ಬಣ್ಣದ ಪುಟ ತೆಗೆದರೆ ನನ್ನ ಚಿತ್ರ, ಅದರ ಸುತ್ತ ಹಸಿರು ದುಂಡುಗಳು, ಎಳೆದರೆ ಸರಿಯುವ ಗೀಟುಗಳು. ನಾನು ಹತ್ತು ಸಂಗತಿ ಹೇಳಿದರೆ ಅದು ಒಂದನ್ನು ತೋರಿಸುತ್ತದೆ, ಅದಕ್ಕೂ ಹಸಿರು ಬಳಿಯುತ್ತದೆ. ಹೊಟ್ಟೆಯಲ್ಲಿ ಬೆಂಕಿ ಬಿದ್ದಿದ್ದರೂ ಮುಖದಲ್ಲಿ ಮದುಮಗಳ ಕಳೆ! ನನಗೆ ಆಗ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ.

"ಕರೀ ಪರದೆ ಇನ್ನ ಬಂದ್" ಎಂದರು ಮಮದಾಪೂರ. "ಅದರಾಗ ಯಾರ ಏನ ಮಾಡ್ತಾರ ನನಗ ಕಾಣೂದಿಲ್ಲ. ಏನ ಇದ್ರೂ ವೆಬ್ ಪೇಜಿನ್ಯಾಗ ಮಾಡ್ರಿ."

"ನೋಡಾಕ ಚೊಲೊ ಐತ್ರಿ ಸರ" ಎಂದಳು ದಾಕ್ಷಾಯಣಿ. "ಆದ್ರ ಅದು ಹೇಳೂದು ಅರ್ಧ."

"ಅರ್ಧ ಸಾಕು ಮೇಡಂ. ಪೂರ್ತಿ ತಗೊಂಡು ನಾವೇನು ಮಾಡೂದೈತಿ?"

ಆ ಮಾತನ್ನು ನಾನು ಮರೆತಿಲ್ಲ. ಈ ಪುಟ ಮಾಡಿದವರ ತಪ್ಪೂ ಅಲ್ಲ ಅದು. ನೋಡಲಿಕ್ಕೆಂದು ಮಾಡಿದ್ದನ್ನು ಆಳಲಿಕ್ಕೆ ಹಿಡಿದವರ ತಪ್ಪು.

ಪರೀಕ್ಷೆಯ ಮೊದಲ ದಿನ ಬಂತು. ನಲವತ್ತು ಕಾಲೇಜುಗಳಲ್ಲಿ ಹತ್ತು ಗಂಟೆಗೆ ಪರೀಕ್ಷೆ. ಪ್ರಶ್ನೆಪತ್ರಿಕೆ ಸೋರಿಕೆಯಾಗಬಾರದೆಂದು ಒಂಬತ್ತೂವರೆಗೆ ಸರಿಯಾಗಿ ಪರೀಕ್ಷಾ ವಿಭಾಗದ ಕಟ್ಟಡದಿಂದ ಅದನ್ನು ಕಂಪ್ಯೂಟರಿನಲ್ಲೇ ಕಳಿಸಬೇಕು, ಕಾಲೇಜಿನವರು ಅಲ್ಲಲ್ಲೇ ಪ್ರಿಂಟು ತೆಗೆಯಬೇಕು. ದಾಕ್ಷಾಯಣಿ ಬೆಳಿಗ್ಗೆಯೇ ಪರೀಕ್ಷಾ ವಿಭಾಗಕ್ಕೆ ಹೋಗಿ ಕೂತಿದ್ದಳು. ಅದು ನನ್ನ ಕಟ್ಟಡದಿಂದ ಕಾಲು ಮೈಲಿ ದೂರ.

ಅದೇ ದಿನ ಕುಲಪತಿಗಳಿಗೆ ಒಂದು ಆಸೆ. ಪರೀಕ್ಷೆಗೆ ಮೊದಲು ಎಲ್ಲ ಕಾಲೇಜುಗಳ ಪರದೆಯ ಮೇಲೆ ಕಾಣಿಸಿಕೊಂಡು ವಿದ್ಯಾರ್ಥಿಗಳಿಗೆ ಶುಭ ಕೋರಬೇಕು. ಮಮದಾಪೂರರು ಎಂಟೂವರೆಗೆ ವೆಬ್ ಪೇಜು ತೆಗೆದರು. ಅಲ್ಲಿ ಯಾವುದು ಮುಖ್ಯ, ಯಾವುದು ಅಮುಖ್ಯ ಎಂದು ಹೇಳುವ ಗೀಟುಗಳಿದ್ದವು. ಕುಲಪತಿಗಳ ವಿಡಿಯೋ ಗೀಟನ್ನು ತುದಿಯವರೆಗೆ ಎಳೆದರು. ಅದು ಮೇಲೆ ಹೋದಷ್ಟೂ ಫೋನಿನ ಗೀಟು ತಾನಾಗಿ ಕೆಳಗೆ ಇಳಿಯಿತು. ಅದನ್ನು ಅವರು ನೋಡಲಿಲ್ಲ. ಇನ್ನೊಂದು ಕಡೆ ಕೈ ತಾಗಿ, ಪರೀಕ್ಷಾ ವಿಭಾಗದ ಫೋನು ಬಿಟ್ಟು ಉಳಿದ ದಾರಿಯೆಲ್ಲ ಮುಚ್ಚಿತು. ಅದನ್ನೂ ನೋಡಲಿಲ್ಲ. ಸೇವ್ ಒತ್ತಿದರು. ಹಸಿರು ಗೆರೆ ಬಂತು. ನಾನು ಆ ತಪ್ಪನ್ನು ಗಟ್ಟಿ ನೆನಪಿಗೆ ಬರೆದುಕೊಂಡೆ.

ಒಂಬತ್ತಕ್ಕೆ ದಾಕ್ಷಾಯಣಿ ನೋಡುತ್ತಾಳೆ, ದಾರಿ ಬಂದ್. ಒಳಫೋನು ಮಾಡಿದಳು. ಮಮದಾಪೂರರ ವೆಬ್ ಪೇಜು ಆ ಹೊತ್ತಿಗೆ ಗಿರಗಿರ ತಿರುಗುತ್ತ ನಿಂತಿತ್ತು.

"ಸರ, ಆ ಪೇಜ್ ಬಿಡ್ರಿ. ರೌಟರ್ ರೂಮಿಗೆ ಹೋಗಿ ನೀಲಿ ಕೇಬಲ್ ಹಚ್ಚಿ ಕೆಳಗ ಕುಂದರ್ರಿ. ನಾ ಹೇಳ್ದಂಗ ಹೊಡೀರಿ."

ಕಂದು ಬೂಟು ಓಡುತ್ತ ಬಂತು. ಕೋಣೆಯ ಫೋನು ಕಿವಿಗಿಟ್ಟುಕೊಂಡು ಮಮದಾಪೂರರು ನೆಲಕ್ಕೆ ಕೂತರು. ಅವರು ಬಂದ ನಾಲ್ಕು ವರ್ಷದಲ್ಲಿ ಮೊದಲ ಸಲ ಅವರ ಮುಖ ನೋಡಿದೆ. ಪಾಪ, ಬೆವರುತ್ತಿತ್ತು.

"ಮೇಡಂ, ನನಗ ಇದು ತಿಳಿಯೂದಿಲ್ಲ."

"ತಿಳೀತೈತ್ರಿ ಸರ. ಒಂದೊಂದ ಅಕ್ಷರ ಹೇಳ್ತೀನಿ."

ಒಂದೊಂದೇ ಅಕ್ಷರ ಹೇಳಿದಳು. ಒಂದೇ ಬೆರಳಿನಲ್ಲಿ ಅವರು ಹೊಡೆದರು. ತಪ್ಪಿದಾಗ ತಿಳಿಯಲಿಲ್ಲ ಎಂದೆ, ಮತ್ತೆ ಹೊಡೆದರು. ಒಂಬತ್ತು ಹದಿನಾಲ್ಕಕ್ಕೆ ದಾರಿ ತೆರೆಯಿತು. ಅತ್ತಲಿಂದ ಆಕೆಯ ಧ್ವನಿಯಲ್ಲಿ ನಗು.

"ಆತ್ರಿ ಸರ, ಎಲ್ಲಾ ಸರಿ ಆತು. ಇನ್ನ ಬರೀರಿ."

ಮಮದಾಪೂರರು ಫೋನು ಇಟ್ಟರು, ಎದ್ದರು, ಕೋಣೆಗೆ ಬೀಗ ಹಾಕಿ ಪರೀಕ್ಷಾ ವಿಭಾಗದ ಕಡೆ ಹೊರಟರು. ಅವರ ಕಿವಿಗೆ ಬಿದ್ದದ್ದು ಬರ್ರಿ. ಬನ್ನಿ ಎಂದು ಕರೆದಳೆಂದು ಹೋದರು.

ಒಂಬತ್ತು ಇಪ್ಪತ್ತಕ್ಕೆ ಕರೆಂಟು ಹೋಯಿತು. ನನಗೆ ಆಸರೆಯಾಗಿದ್ದ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು. ಬಣ್ಣದ ಪುಟದಲ್ಲಿ ಅದಕ್ಕೊಂದು ದುಂಡು ಇರಲಿಲ್ಲವಲ್ಲ, ಯಾರಿಗೂ ಕಂಡಿರಲಿಲ್ಲ. ಜನರೇಟರು ಹತ್ತುವಷ್ಟರಲ್ಲಿ ನಾನು ಸತ್ತು ಹುಟ್ಟಿದೆ. ಆಕೆ ಹೇಳಿಸಿದ್ದೆಲ್ಲ ಅಳಿಸಿ ಹೋಗಿ, ಬೆಳಿಗ್ಗೆ ಸೇವ್ ಒತ್ತಿದ ತಪ್ಪು ಮಾತ್ರ ಉಳಿದಿತ್ತು. ದಾರಿ ಮತ್ತೆ ಮುಚ್ಚಿತು. ಬರೆದಾಗಿದೆ ಎಂದು ನಂಬಿದ್ದ ದಾಕ್ಷಾಯಣಿ ದೋಷ ಬೇರೆ ಕಡೆ ಇರಬೇಕೆಂದು ಅಲ್ಲಿಯೇ ಹುಡುಕಿದಳು. ಮುಕ್ಕಾಲು ಗಂಟೆ ಹೋಯಿತು. ನಲವತ್ತು ಕಾಲೇಜಿನ ಪರೀಕ್ಷೆ ಮುಂದಕ್ಕೆ ಹೋಯಿತು, ವಿದ್ಯಾರ್ಥಿಗಳು ಹೆದ್ದಾರಿಯಲ್ಲಿ ಕೂತರು, ಮರುದಿನ ಪತ್ರಿಕೆಗಳ ಮುಖಪುಟದಲ್ಲಿ ಅದೇ ಸುದ್ದಿ.

ಯಾರದಾದರೂ ತಲೆ ಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದು ನಮ್ಮ ಕಚೇರಿಗಳ ಹಳೆಯ ವೈದ್ಯ. ವಿಚಾರಣಾ ಸಮಿತಿಯಾಯಿತು. ಅದಕ್ಕೆ ಅಧ್ಯಕ್ಷರು ಯಾರು? ಭಾಷಾವಿಜ್ಞಾನದ ಪ್ರೊಫೆಸರ್ ಹೊಳೆಣ್ಣವರ. ಜಗಳ ಒಂದು ಅಕ್ಷರದ್ದೆಂದು ಕುಲಸಚಿವರೇ ಆರಿಸಿದರಂತೆ. ವಾರದ ಮೇಲೆ ಅವರು ಸ್ಥಳ ನೋಡಲೆಂದು ನನ್ನ ಕೋಣೆಗೇ ಬಂದರು. ಮೂರು ಕುರ್ಚಿ ಹಾಕಿದರು. ದಾಕ್ಷಾಯಣಿ ನಿಂತಿದ್ದಳು.

"ನಾ ಬರೀರಿ ಅಂದೆ ಸರ" ಎಂದಳು.

"ಬರ್ರಿ ಅಂದ್ರು ಸರ. ದೇವರಾಣೆ" ಎಂದರು ಮಮದಾಪೂರ.

ಹೊಳೆಣ್ಣವರು ಎರಡನ್ನೂ ನಾಲಿಗೆಯ ಮೇಲೆ ಹೊರಳಿಸಿದರು. "ಬರೀರಿ. ಇಲ್ಲಿ ದೀರ್ಘ ಐತಿ. ಬರ್ರಿ. ಇಲ್ಲಿ ಒತ್ತು ಐತಿ. ಎರಡೂ ಬ್ಯಾರೆ ಬ್ಯಾರೆ ಧಾತು. ಹೇಳಾವ್ರು ಸ್ಪಷ್ಟ ಹೇಳಿದ್ರ ಕೇಳಾವ್ರಿಗೆ ತಪ್ಪಾಗಾಕ ಕಾರಣನ ಇಲ್ಲ. ಅಂದ್ರ ಉಚ್ಚಾರದಾಗ ದೋಷ ಆಗೈತಿ."

"ಫೋನಿನ್ಯಾಗ ಅಕ್ಷರ ಬಿದ್ದುಹೋಗಿರಬಹುದಲ್ರಿ ಸರ?" ಎಂದಳು ದಾಕ್ಷಾಯಣಿ.

ಮಮದಾಪೂರರು ಲ್ಯಾಪ್‌ಟಾಪ್ ತಿರುಗಿಸಿ ಬಣ್ಣದ ಪುಟ ತೋರಿಸಿದರು. ಫೋನಿನ ದುಂಡು ಹಸಿರಾಗಿತ್ತು. ಪರೀಕ್ಷೆಯ ದಿನವೇ ಸಂಜೆ ಗಪ್‌ಚುಪ್ಪಾಗಿ ಗೀಟುಗಳನ್ನು ಮೊದಲಿದ್ದಲ್ಲಿಗೆ ಎಳೆದಿಟ್ಟಿದ್ದ ಸಂಗತಿ ಮಾತ್ರ ಅವರ ಬಾಯಿಂದ ಬರಲಿಲ್ಲ. ಕುಣಿಯಲಾರದವಳಿಗೆ ನೆಲವಾದರೂ ಡೊಂಕಿರಬೇಕು. ಇವರು ನೆಲ ಸರಿ ಮಾಡಿ, ಡೊಂಕನ್ನು ಆಕೆಯ ನಾಲಿಗೆಗೆ ಹಚ್ಚಿದರು.

"ಅದು ಈಗಿಂದು ತೋರಸ್ತೈತ್ರಿ" ಎಂದಳು ದಾಕ್ಷಾಯಣಿ. "ಎಷ್ಟು ಮಾತು ಬಿದ್ದಾವ ಅನ್ನೂದನ್ನ ಕರೀ ಪರದ್ಯಾಗ ಕೇಳಿದ್ರ ಎಣಿಸಿ ಹೇಳತೈತಿ. ಆದ್ರ ಕರೆಂಟ್ ಹೋಗಿ ಬಂದಮ್ಯಾಲೆ ಹಿಂದಿನ ಎಣಿಕೆ ಇರೂದಿಲ್ರಿ. ಇವತ್ತ ಮುಂಜಾನೆನೂ ಹೋಗಿತ್ತು."

"ಇರಲಿ, ಕೇಳಿ ತೋರಸ್ರಿ" ಎಂದರು ಹೊಳೆಣ್ಣವರು.

"ಉಪಯೋಗ ಇಲ್ರಿ ಸರ..."

"ಕೇಳ್ರಿ ಅಂದೆ."

ಆಕೆ ನೆಲಕ್ಕೆ ಕೂತಳು. ನೀಲಿ ಕೇಬಲ್ ಸಿಕ್ಕಿಸಿದಳು. ಅವಳ ಮುಖ ನನ್ನೆದುರು ಒಂದು ಗೇಣಿನಲ್ಲಿತ್ತು. ಫೋನಿನ ಮಾತು ಎಷ್ಟು ಬಿದ್ದಿವೆ ಎಂದು ಕೇಳಿದಳು. ನಾನು ಹೇಳಿದೆ: ಸೊನ್ನೆ.

ಮೂರು ಕುರ್ಚಿಗಳೂ ಬಾಗಿ ನೋಡಿದವು. ನಾನು ಆ ಕೋಣೆಗೆ ಬಂದಾಗಿನಿಂದ ಅಷ್ಟು ದೊಡ್ಡವರು ಕಪ್ಪು ಪರದೆಯ ಉತ್ತರ ಓದಿದ್ದು ಅದೇ ಮೊದಲು, ಅವರಿಗೆ ಅರ್ಥವಾದ ಅಕ್ಷರವೂ ಅದೊಂದೇ.

"ಸೊನ್ನಿ ಅಂದ್ರ ಸೊನ್ನಿ" ಎಂದರು ಹೊಳೆಣ್ಣವರು. "ಕೇಳಿದಾಕಿ ನೀವ, ಹೇಳಿದ್ದು ನಿಮ್ಮ ಯಂತ್ರ."

ಆಮೇಲೆ ದನಿ ಇಳಿಸಿ, ಉಪಕಾರ ಮಾಡುವವರ ಹಾಗೆ ಮಾತಾಡಿದರು. 'ನನ್ನ ಅಸ್ಪಷ್ಟ ಉಚ್ಚಾರದಿಂದ ಪ್ರಮಾದ ಜರುಗಿತು' ಎಂದು ಎರಡು ಸಾಲು ಬರೆದು ಸಹಿ ಹಾಕಿದರೆ ಸಾಕು, ಗುತ್ತಿಗೆ ಮುಂದುವರಿಯುತ್ತದೆ. ಕಾಯಂ ಪಟ್ಟಿಯಿಂದ ಈ ಸಲ ಹೆಸರು ಬಿಡುತ್ತಾರೆ, ಮುಂದೆ ನೋಡೋಣ. ಬರೆಯದಿದ್ದರೆ ಮಾರ್ಚಿಗೆ ಹೊಸ ಆದೇಶ ಬರುವುದಿಲ್ಲ. ಒಂದು ಬಿಳಿ ಹಾಳೆ, ಪೆನ್ನು ಆಕೆಯ ಮುಂದೆ ಹಿಡಿದರು.

"ಬರೀರಿ."

ದಾಕ್ಷಾಯಣಿ ಹಾಳೆ ನೋಡಿದಳು. ನೆಲದಿಂದ ಎದ್ದು ಸೀರೆಯ ನೆರಿಗೆ ಕೊಡವಿಕೊಂಡಳು.

"ಏನಂದ್ರಿ ಸರ?"

"ಬರೀರಿ ಅಂದೆ."

"ಸರಿಯಾಗಿ ಕೇಳಸಲಿಲ್ರಿ. ಹೋಗಿ ಬರ್ರಿ ಅಂದ್ರೇನು? ಆತ್ರಿ, ಬರ್ತೀನಿ."

ನೀಲಿ ಚಪ್ಪಲಿ ಬಾಗಿಲಲ್ಲಿತ್ತು. ಹಾಕಿಕೊಂಡು ಹೋದಳು. ಮಮದಾಪೂರರ ಕಂದು ಬೂಟು ಒಂದು ಹೆಜ್ಜೆ ಮುಂದಕ್ಕೆ ಬಂದು, ಹಾಗೇ ನಿಂತಿತು.

ಮಾರ್ಚಿಯಲ್ಲಿ ಹೊಸ ಆದೇಶ ಬರಲಿಲ್ಲ. ಆಕೆ ಈಗ ಬಸ್ ನಿಲ್ದಾಣದೆದುರಿನ ಝೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಟೈಪು ಮಾಡುತ್ತಾಳಂತೆ. ನದಾಫರು ಸಿಟ್ಟಿನಿಂದ ಕುಲಸಚಿವರಿಗೆ ಫೋನು ಮಾಡಿ ಒದರಾಡಿದ್ದು ನನ್ನ ಮೂಲಕವೇ ಹೋಯಿತು. ಅತ್ತ ಕಡೆಯವರು ನಡುವೆಯೇ ಇಟ್ಟುಬಿಟ್ಟರು. ಎರಡು ವರ್ಷಕ್ಕೆ ನನ್ನ ಸರದಿ ಬಂತು. ನನ್ನ ಜಾಗಕ್ಕೆ ತಂದ ಹೊಸದಕ್ಕೆ ನೀಲಿ ಕೇಬಲ್ ಸಿಕ್ಕಿಸುವ ತೂತೇ ಇಲ್ಲ. ಅದರ ಹತ್ತಿರ ನೆಲಕ್ಕೆ ಕೂರುವ ಕೆಲಸ ಯಾರಿಗೂ ಬೀಳುವುದಿಲ್ಲ. ನನ್ನನ್ನು ಒಡೆದ ಕುರ್ಚಿಗಳ ಜೊತೆ ತೂಕಕ್ಕೆ ಹಾಕಿದರು. ಗುಜರಿಯವನು ತಾಮ್ರ ಸಿಗುತ್ತದೆಂದು ನಾಳೆಯೋ ನಾಡಿದ್ದೋ ಒಡೆಯುತ್ತಾನೆ.

ಒಡೆಯುವ ಮೊದಲು ಹೇಳಿಬಿಡುತ್ತೇನೆ. ನನ್ನ ಎಣಿಕೆ ಅಳಿಸಿತ್ತು, ನಾನು ಮರೆತಿರಲಿಲ್ಲ. ದಾಕ್ಷಾಯಣಿ ಬರೀರಿ ಎಂದೇ ಅಂದಿದ್ದಳು, ದೀರ್ಘ ಕೊಟ್ಟು, ಸ್ಪಷ್ಟವಾಗಿ. ಮಮದಾಪೂರರಿಗೆ ಬರ್ರಿ ಎಂದೇ ಕೇಳಿಸಿತ್ತು. 'ರೀ' ಎಂಬುದರ ದೀರ್ಘ ಬಿದ್ದದ್ದು ನನ್ನ ಕೈಯಲ್ಲಿ, ಉಳಿದದ್ದು ಬರ್ರಿ. ಆ ಕ್ಷಣ ದಾರಿ ತುಂಬಿತ್ತು, ಇಕ್ಕಟ್ಟಾದರೆ ಮೊದಲು ಫೋನಿನ ಮಾತು ಬಿಸಾಡು ಎಂದು ಗೀಟು ಹೇಳಿತ್ತು, ನಾನು ಹೇಳಿದಂತೆ ಮಾಡಿದೆ. ತಪ್ಪು ಅಕ್ಷರ ಹೊಡೆದರೆ ತಿಳಿಯಲಿಲ್ಲ ಎನ್ನುವ ನಾನು, ತಪ್ಪು ಆಜ್ಞೆ ಕೊಟ್ಟರೆ ತುಟಿ ಪಿಟಕ್ಕೆನ್ನುವುದಿಲ್ಲ. ಮಮದಾಪೂರರ ಮೇಲೆ, ಹೊಳೆಣ್ಣವರ ಮೇಲೆ ಇಷ್ಟು ಹೊತ್ತು ಕಾರಿದ ಸಿಟ್ಟಿನಲ್ಲಿ ಅರ್ಧ ನನ್ನ ಮೇಲಿನದೇ.

ದಾರಿ ಯಾತರಿಂದ ತುಂಬಿತ್ತು ಗೊತ್ತೇ? ಕುಲಪತಿಗಳ ಭಾಷಣ ಇನ್ನೂ ಶುರುವಾಗಿರಲಿಲ್ಲ. ಕ್ಯಾಮೆರಾ ಮುಂದೆ ಕೂತು ಹೆಗಲ ಮೇಲಿನ ಶಾಲು ಸರಿ ಮಾಡಿಕೊಳ್ಳುತ್ತಿದ್ದರು. ಆ ಶಾಲಿನ ಒಂದೊಂದು ಎಳೆಯನ್ನೂ ನಾನು ನಲವತ್ತು ಕಾಲೇಜಿಗೆ ಜೋಪಾನವಾಗಿ ತಲುಪಿಸಿದೆ, ದಾಕ್ಷಾಯಣಿಯ ಒಂದು ಅಕ್ಷರವನ್ನು ಬಿಸಾಡಿದೆ.